ಹತ್ತೊಂಬತ್ತನೆಯ ಹೆಸರು

ನನ್ನ ಕಿವಿ ಚೆನ್ನಾಗಿದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಹೇಳಿದರೆ ಯಾರೂ ನಂಬುವುದಿಲ್ಲ. ಪಕ್ಕದ ಮನೆಯವರು ಚಮಚ ಬೀಳಿಸಿದರೆ ನನಗೆ ಗೊತ್ತಾಗುತ್ತದೆ. ಮಗಳು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತರೂ ಗೊತ್ತಾಗುತ್ತದೆ. ಮೇಷ್ಟ್ರು, ಎಂದರೆ ನನ್ನ ಗಂಡ, ಬೀದಿಯ ತುದಿಯಲ್ಲಿರುವಾಗಲೇ ಅವರು ಚಪ್ಪಲಿ ಎಳೆಯುವ ಸದ್ದು ಕೇಳಿ ಇವತ್ತು ಕಾಲೇಜಿನಲ್ಲಿ ಏನೋ ಆಗಿದೆ ಎಂದು ಹೇಳಬಲ್ಲೆ. ಇಂಥ ಕಿವಿ ಇಟ್ಟುಕೊಂಡು ನಾನು ಮಾಡಿದ ಕೆಲಸ ಏನೆಂದು ಈಗ ಹೇಳುತ್ತೇನೆ.

ಸಚಿವಾಲಯದ ಮೂರನೆಯ ಮಹಡಿಯಲ್ಲಿ ಇಪ್ಪತ್ತೆರಡು ವರ್ಷ ಸ್ಟೆನೋ ಆಗಿದ್ದೆ. ಮೇಲಧಿಕಾರಿ ಹೇಳಿದ್ದನ್ನು ಶೀಘ್ರಲಿಪಿಯಲ್ಲಿ ಬರೆದುಕೊಳ್ಳುವುದು, ಆಮೇಲೆ ನನ್ನ ಮೇಜಿಗೆ ಬಂದು ಅದನ್ನು ಟೈಪು ಮಾಡುವುದು, ಇಷ್ಟೇ ಕೆಲಸ. ಈ 'ಇಷ್ಟೇ' ಅನ್ನುವ ಮಾತನ್ನು ನಾನು ಹೇಳಬಹುದು, ಬೇರೆಯವರು ಹೇಳಿದರೆ ಮೈ ಉರಿಯುತ್ತದೆ. ನಿಮಿಷಕ್ಕೆ ನೂರ ನಲವತ್ತು ಪದ. ಆ ಇಡೀ ಕಟ್ಟಡದಲ್ಲಿ ನನ್ನ ಸಮಕ್ಕೆ ನಿಲ್ಲುವವರು ಇರಲಿಲ್ಲ. ಜೊತೆಗೆ ಇನ್ನೊಂದು ವಿಷಯ. ಇಷ್ಟು ವರ್ಷ ಬರೆದು ಬರೆದು ನನ್ನ ಗೆರೆಗಳು ನನ್ನವೇ ಆಗಿಬಿಟ್ಟಿದ್ದವು. ನನ್ನ ನೋಟ್‌ಬುಕ್ಕನ್ನು ಪಕ್ಕದ ಮೇಜಿನ ಸ್ಟೆನೋ ಕೂಡ ಓದಲಾರಳು. ನಾನು ಟೈಪು ಮಾಡುವ ತನಕ ಸರ್ಕಾರ ಏನು ಹೇಳಿತು ಎಂಬುದು ನನ್ನ ಡ್ರಾಯರಿನಲ್ಲೇ ಇರುತ್ತಿತ್ತು. ಅದನ್ನು ನೆನೆದು ನಾನು ಒಳಗೊಳಗೇ ಬೀಗುತ್ತಿದ್ದೆ.

ಈ ವಿದ್ಯೆ ಕಲಿಸಿದ ಟೈಪಿಂಗ್ ಶಾಲೆಯ ಮೇಡಂ ಮೊದಲ ವಾರದಲ್ಲೇ ಸ್ಕೇಲಿನಿಂದ ನನ್ನ ಬೆರಳ ಗೆಣ್ಣಿಗೆ ಹೊಡೆದು ಹೇಳಿದ್ದರು: "ಅರ್ಥ ಮಾಡ್ಕೊಳ್ಳೋಕೆ ಹೋಗ್ಬೇಡ. ಅರ್ಥ ಮಾಡ್ಕೊಳ್ಳೋಕೆ ನಿಂತ್ಯೋ, ಎರಡು ಪದ ಹಿಂದೆ ಬಿದ್ದೆ. ಕಿವಿಯಿಂದ ಸೀದಾ ಕೈಗೆ ಇಳೀಬೇಕು. ತಲೆಗೆಲ್ಲ ಆಮೇಲೆ, ಟೈಪ್ ಮಾಡೋವಾಗ." ನಾನು ಮಾತು ಕೇಳುವ ಹುಡುಗಿ. ಆರು ತಿಂಗಳಲ್ಲಿ ತಲೆಯನ್ನು ದಾರಿಯಿಂದ ಸರಿಸಿದೆ. ಅಧಿಕಾರಿ ಮಾತಾಡುತ್ತಿರುವಾಗ ನಾನು ಒಲೆಯ ಮೇಲೆ ಹಾಲಿಟ್ಟು ಬಂದೆನೋ ಆರಿಸಿದೆನೋ ಎಂದು ಯೋಚಿಸಬಲ್ಲವಳಾಗಿದ್ದೆ, ಕೈ ತನ್ನ ಪಾಡಿಗೆ ಓಡುತ್ತಿತ್ತು.

ನನಗೆ ಬಡ್ತಿ ಸಿಕ್ಕ ವರ್ಷ ಆ ಆದೇಶವನ್ನು ಡಿಕ್ಟೇಶನ್ ತೆಗೆದುಕೊಂಡವಳು ನಾನೇ. ಬರೆದುಕೊಂಡು ಹೊರಗೆ ಬಂದು, ಪಕ್ಕದವಳ ಹತ್ತಿರ "ಈ ಸಲವೂ ನಮ್ಮ ಬಡ್ತಿಗೆ ಮಣ್ಣು" ಎಂದು ಗೋಳಾಡಿ, ಮಧ್ಯಾಹ್ನದ ಡಬ್ಬಿ ಮುಗಿಸಿ, ಆಮೇಲೆ ಟೈಪು ಮಾಡಲು ಕೂತಾಗ ನನ್ನ ಹೆಸರು ಕಂಡು ಕಿರುಚಿಕೊಂಡಿದ್ದೆ. ಮೇಷ್ಟ್ರು ಈ ಕಥೆಯನ್ನು ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದರು. "ನಮ್ಮ ಮನೆಯವಳಿಗೆ ಸತ್ತ ಸುದ್ದಿ ಹೇಳ್ಬೇಕಾದ್ರೆ ಡಿಕ್ಟೇಶನ್ ಕೊಡಿ, ಒಂದು ದಿನ ನೆಮ್ಮದಿಯಾಗಿರ್ತಾಳೆ" ಎನ್ನುತ್ತಿದ್ದರು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು, ನಾನೂ ನಗುತ್ತಿದ್ದೆ.

ಸೇನೆಯವರು ಬಂದು ಏಳು ತಿಂಗಳಾಗಿತ್ತು. ಮೊದಲು ಪತ್ರಿಕೆಗಳು ನಿಂತವು, ಆಮೇಲೆ ಸಂಜೆಯ ಬಸ್ಸು. ಆಮೇಲೆ ಕಾಲೇಜಿನ ಸರದಿ ಬಂತು. ಮೇಷ್ಟ್ರು ರಸಾಯನಶಾಸ್ತ್ರ ಹೇಳಿಕೊಡುತ್ತಿದ್ದ ಕಾಲೇಜಿನಿಂದ ಹನ್ನೊಂದು ವಿದ್ಯಾರ್ಥಿಗಳನ್ನು ಎತ್ತಿಕೊಂಡು ಹೋದರು. ಎಲ್ಲಿಗೆ ಎಂದು ಕೇಳಿ ನಲವತ್ತೆರಡು ಅಧ್ಯಾಪಕರು ಒಂದು ಪತ್ರಕ್ಕೆ ಸಹಿ ಹಾಕಿದರು. ಸಹಿ ಹಾಕುವ ಮೊದಲು ಮೇಷ್ಟ್ರು ನನ್ನನ್ನು ಕೇಳಲಿಲ್ಲ. ಕೇಳಿದ್ದರೆ ಬೇಡ ಎನ್ನುತ್ತಿದ್ದೆ, ಅದಕ್ಕೇ ಕೇಳಲಿಲ್ಲ. ಮೂರು ವಾರದ ನಂತರ ಸಹಿ ಹಾಕಿದವರಲ್ಲಿ ಇಬ್ಬರು ಮನೆಗೆ ಬರಲಿಲ್ಲ. ಒಬ್ಬರ ಹೆಂಡತಿ ನಮ್ಮ ಮನೆಗೆ ಬಂದು, ಕುರ್ಚಿಯ ತುದಿಯಲ್ಲಿ ಕೂತು, "ನೀವು ಸಚಿವಾಲಯದಲ್ಲಿದ್ದೀರಲ್ಲ, ನಿಮಗೇನಾದ್ರೂ ಗೊತ್ತಾ?" ಎಂದು ಕೇಳಿದರು. ನನಗೆ ಏನೂ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದರೆ ಅವರು ನಂಬಲೂ ಇಲ್ಲ.

ಅವತ್ತಿನಿಂದ ಮೇಷ್ಟ್ರದು ಒಂದೇ ಹಟ, ಹೋಗೋಣ. ನನ್ನ ನಾದಿನಿ, ಅವರ ತಂಗಿ, ಹತ್ತು ವರ್ಷದಿಂದ ಹೊರದೇಶದಲ್ಲಿದ್ದಾಳೆ. ಅವಳು ಅಲ್ಲಿಯ ಒಂದು ಶಾಲೆಯಲ್ಲಿ ಅಣ್ಣನಿಗೆ ಪ್ರಯೋಗಾಲಯದ ಕೆಲಸ ಹುಡುಕಿದಳು, ತನ್ನ ಮನೆಯ ಹಿಂಬದಿಯ ಕೋಣೆ ಖಾಲಿ ಮಾಡಿಸಿದಳು, ಕಾಗದ ಪತ್ರ ಎಲ್ಲ ಕಳಿಸಿದಳು. ಮೂವರಿಗೂ ಶನಿವಾರ ಮಧ್ಯಾಹ್ನ ಎರಡು ಗಂಟೆಯ ವಿಮಾನಕ್ಕೆ ಟಿಕೆಟ್ಟಾಯಿತು. ಕಚೇರಿಯಲ್ಲಿ ನಾನು, ನಾದಿನಿಗೆ ಮೈ ಸರಿಯಿಲ್ಲ, ಶನಿವಾರ ಮಧ್ಯಾಹ್ನದ ವಿಮಾನಕ್ಕೆ ಮೂವರೂ ಹೋಗಿ ನೋಡಿಕೊಂಡು ಬರುತ್ತೇವೆ ಎಂದು ಸೋಮವಾರದಿಂದ ಹದಿನೈದು ದಿನ ರಜೆ ಬರೆದುಕೊಟ್ಟೆ. ಕಾರ್ಯದರ್ಶಿಗಳು ಅದನ್ನು ಓದಿ, ನನ್ನ ಮುಖ ನೋಡದೆ ಸಹಿ ಹಾಕಿದರು.

ಈ ಕಾರ್ಯದರ್ಶಿಗಳಿಗೆ ಕಚೇರಿಯಲ್ಲಿ ತಣ್ಣೀರು ಎಂದು ಅಡ್ಡಹೆಸರು. ಯಾವ ಸರ್ಕಾರ ಬಂದರೂ ಅವರ ದನಿ ಒಂದೇ ಹದದಲ್ಲಿರುತ್ತಿತ್ತು. ಬರ ಪರಿಹಾರವನ್ನೂ ಬಂಧನವನ್ನೂ ಅದೇ ದನಿಯಲ್ಲಿ ಹೇಳುತ್ತಿದ್ದರು. ಹೇಳಿದ್ದನ್ನು ಇನ್ನೊಮ್ಮೆ ಹೇಳಿದವರಲ್ಲ, ನನಗೂ ಅದು ಬೇಕಾಗುತ್ತಿರಲಿಲ್ಲ. ಹದಿನಾರು ವರ್ಷ ಅವರ ಎದುರಿನ ಕುರ್ಚಿಯಲ್ಲಿ ಕೂತು ಬರೆದಿದ್ದೇನೆ, ಆದರೆ ನಾವಿಬ್ಬರೂ ಮನೆಯ ಮಾತು ಆಡಿದ್ದು ಕೈಬೆರಳಲ್ಲಿ ಎಣಿಸುವಷ್ಟು.

ಶುಕ್ರವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ಅವರು ಕರೆದರು. ಬಾಗಿಲು ಹಾಕಿ ಎಂದರು. ಸಾಮಾನ್ಯವಾಗಿ ಹಾಗೆ ಹೇಳುತ್ತಿರಲಿಲ್ಲ. ನಲವತ್ತು ನಿಮಿಷ ಹೇಳಿದರು, ನಾನು ಬರೆದೆ. ಬರೆಯುವಾಗ ನನ್ನ ತಲೆ ತುಂಬ ಸೂಟ್‌ಕೇಸು. ಮಗಳ ದಪ್ಪ ಕೋಟು ಒಳಗೆ ಹಿಡಿಸುತ್ತದೋ ಇಲ್ಲವೋ, ಅದನ್ನು ಹಾಕಿಕೊಂಡೇ ಬಾ ಎಂದರೆ ಅವಳು ಮುಖ ಊದಿಸುತ್ತಾಳೋ ಏನೋ, ಇಷ್ಟೇ. ಕೊನೆಗೆ ಅವರು ಪೆನ್ನಿನ ಮುಚ್ಚಳ ಹಾಕಿ, ಕನ್ನಡಕ ತೆಗೆದು, ನನ್ನನ್ನು ಬಹಳ ಹೊತ್ತು ನೋಡಿದರು.

"ಗಟ್ಟಿಗಿತ್ತಿ ಕಣಮ್ಮ ನೀವು" ಎಂದರು. "ಎಲ್ಲಾ ಬರ್ಕೊಂಡ್ರಲ್ಲ?"

"ಎಲ್ಲಾ ಬರ್ಕೊಂಡೆ ಸಾರ್."

"ಟೈಪಿಗೆ ಅವಸರ ಇಲ್ಲ. ನಿಮ್ಮ ಕೆಲಸ ನೋಡ್ಕೊಳ್ಳಿ. ಅರ್ಥ ಆಯ್ತಲ್ಲ?"

ಅರ್ಥವಾಯಿತು ಎಂದೆ. ನನಗೆ ಅರ್ಥವಾದದ್ದು ಇಷ್ಟು: ಹದಿನಾರು ವರ್ಷದಲ್ಲಿ ಮೊದಲ ಸಲ ಈ ಮನುಷ್ಯ ನನ್ನನ್ನು ಹೊಗಳಿದ್ದಾರೆ. ನಲವತ್ತು ನಿಮಿಷ ಒಂದೇ ಉಸಿರಿಗೆ ಹೇಳಿದ್ದನ್ನು ತಡವರಿಸದೆ ಬರೆದುಕೊಂಡೆನಲ್ಲ, ಅದಕ್ಕೆ. ಕೋಡು ಮೂಡಿದವಳಂತೆ ಹೊರಗೆ ಬಂದೆ. ಒಂದೂವರೆಗೆ ಬೀದಿಯಲ್ಲಿ ಗುಂಡಿನ ಸದ್ದಾಗಿ ಕಚೇರಿ ಮುಚ್ಚಿಸಿದರು. ನೋಟ್‌ಬುಕ್ಕನ್ನು ಡ್ರಾಯರಿನಲ್ಲಿಟ್ಟು ಬೀಗ ಹಾಕಿ, ಗೋಡೆಯ ಪಕ್ಕದಲ್ಲೇ ನಡೆದು ಮನೆಗೆ ಬಂದೆ.

ಈಗ ನಿಜ ಹೇಳಬೇಕು. ನನಗೆ ಹೋಗಲು ಇಷ್ಟವಿರಲಿಲ್ಲ. ದೇಶದ ಮೇಲಿನ ಪ್ರೀತಿ, ಮಣ್ಣು, ಭಾಷೆ ಅಂತೆಲ್ಲ ಮೇಷ್ಟ್ರ ಎದುರು ಭಾಷಣ ಬಿಗಿದಿದ್ದೆ, ಅದೆಲ್ಲ ಬೊಗಳೆ. ಇಲ್ಲಿ ನಾನು ಮೂರನೆಯ ಮಹಡಿಯ ಸ್ಟೆನೋ, ದೊಡ್ಡ ದೊಡ್ಡವರು ನನಗಾಗಿ ಮಾತು ನಿಲ್ಲಿಸಿ ಕಾಯುತ್ತಿದ್ದರು. ಅಲ್ಲಿ ನಾದಿನಿಯ ಮನೆಯ ಹಿಂಬದಿ ಕೋಣೆಯ ಅತ್ತಿಗೆ. ಅವಳ ಪಾತ್ರೆ, ಅವಳ ಟವಲು, ಅವಳ ಮಾತು. ಅಲ್ಲಿಯ ಭಾಷೆಯಲ್ಲಿ ನನ್ನ ಬೆರಳು ಮೂರು ಕಾಸಿಗೂ ಬಾಳುವುದಿಲ್ಲ. ನನಗಿದ್ದ ಸಂಕಟ ಇಷ್ಟೇ, ಇದಕ್ಕಿಂತ ಒಂದು ತೊಲ ಹೆಚ್ಚಿಲ್ಲ.

ಅವತ್ತು ಸಂಜೆ ಮೇಷ್ಟ್ರು ಹಗ್ಗ ತಂದು ಸೂಟ್‌ಕೇಸಿಗೆ ಕಟ್ಟುತ್ತಿದ್ದರು. ನಾನು ಶುರು ಮಾಡಿದೆ.

"ರೀ, ಬುಧವಾರದ ವಿಮಾನಕ್ಕೆ ಹೋದ್ರೆ ಏನಾಗತ್ತೆ?"

ಅವರು ಹಗ್ಗ ಬಿಟ್ಟು ನನ್ನನ್ನು ನೋಡಿದರು. "ಮತ್ತೆ ಬಂತಾ?"

"ಇವತ್ತು ದೊಡ್ಡ ಡಿಕ್ಟೇಶನ್ ಆಗಿದೆ. ನಲವತ್ತು ನಿಮಿಷದ್ದು. ನಾನು ಟೈಪ್ ಮಾಡದೆ ಹೋದ್ರೆ ಅದನ್ನ ಓದೋರು ಯಾರೂ ಇಲ್ಲ. ಇಪ್ಪತ್ತೆರಡು ವರ್ಷದಲ್ಲಿ ನಾನು ಟೈಪ್ ಮಾಡದ ನೋಟ್‌ಬುಕ್ ಬಿಟ್ಟು ಎದ್ದಿಲ್ಲ."

"ಈ ಸರ್ಕಾರದ ಡಿಕ್ಟೇಶನ್ ಯಾರೂ ಓದದೆ ಹೋದ್ರೆ ದೇಶಕ್ಕೇ ಒಳ್ಳೇದು."

"ತಮಾಷೆ ಸಾಕು. ಸೋಮವಾರ ಟೈಪ್ ಮಾಡಿ ಕೊಡ್ತೀನಿ. ಮಂಗಳವಾರ ಎಲ್ಲರಿಗೂ ಹೇಳಿ ಬರ್ತೀನಿ. ಬುಧವಾರ ಹೊರಡೋಣ. ನಾಲ್ಕು ದಿನದಲ್ಲಿ ಆಕಾಶ ಕಳಚಿ ಬೀಳಲ್ಲ. ಏನಾದ್ರೂ ಇದ್ರೆ ನನಗೆ ಗೊತ್ತಾಗದೇ ಇರತ್ತಾ? ಕಾರ್ಯದರ್ಶಿಗಳ ರೂಮಲ್ಲಿ ಕೂರೋಳು ನಾನು."

ಈ ಕೊನೆಯ ಮಾತನ್ನು ನಾನು ಹೇಳಿದೆ. ಅದೇ ಬಾಯಿಂದ, ಅದೇ ಸಂಜೆ. ಜೊತೆಗೆ ತಣ್ಣೀರು ನನ್ನನ್ನು ಹೇಗೆ ಹೊಗಳಿದರು ಎಂದೂ ಹೇಳಿದೆ. ಗಟ್ಟಿಗಿತ್ತಿ ಅಂದರು, ಇಂಥ ಕಡೆ ಬಿಟ್ಟು ಓಡಿಹೋಗುವಾಗ ಮರ್ಯಾದೆಯಿಂದಲಾದರೂ ಹೋಗಬೇಡವೇ ಎಂದೆ. ಮೇಷ್ಟ್ರು ಒಂದು ಗಂಟೆ ವಾದ ಮಾಡಿದರು. ಅವರಿಗೆ ನನ್ನ ಎದುರು ಗೆದ್ದು ಅಭ್ಯಾಸವಿಲ್ಲ. ನಾನು ಅಳುವ ಹಂತಕ್ಕೂ ಹೋದೆ. ಕೊನೆಗೆ ಅವರು, "ನಿನಗೆ ಗೊತ್ತಾಗತ್ತೆ ಅನ್ನೋ ಧೈರ್ಯದ ಮೇಲೆ" ಎಂದು ಹೇಳಿ ಹಗ್ಗ ಬಿಚ್ಚಿದರು.

ಶನಿವಾರ ಬೆಳಿಗ್ಗೆ ವಿಮಾನದ ಕಚೇರಿಯ ಮುಂದೆ ಎರಡು ಗಂಟೆ ಸಾಲಿನಲ್ಲಿ ನಿಂತು ಟಿಕೆಟ್ಟು ಬದಲಾಯಿಸಿಕೊಂಡು ಬಂದವರೂ ಅವರೇ. "ಕೌಂಟರಿನವನು ನನ್ನನ್ನ ಹುಚ್ಚನನ್ನ ನೋಡಿದ ಹಾಗೆ ನೋಡ್ದ ಕಣೆ" ಎಂದು ನಗುತ್ತಾ ಹೇಳಿದರು. "ಎಲ್ಲರೂ ಮುಂಚೆ ಹೋಗೋಕೆ ಕಾಲಿಗೆ ಬೀಳ್ತಿದಾರೆ, ನೀವು ತಡವಾಗಿ ಹೋಗೋಕೆ ಸಾಲು ನಿಂತಿದೀರಲ್ಲ ಸಾರ್, ಅಂದ. ನಮ್ಮ ಮೂರು ಸೀಟಿಗೆ ಹಿಂದಿನಿಂದ ಏಳು ಜನ ಕೈ ಚಾಚಿದ್ರು." ನಮ್ಮ ಸೀಟಿನಲ್ಲಿ ಯಾರು ಕೂತು ಹೋದರೋ ಗೊತ್ತಿಲ್ಲ. ಚೆನ್ನಾಗಿರಲಿ.

ಭಾನುವಾರ ಮೂವರೂ ಮನೆಯಲ್ಲೇ ಇದ್ದೆವು. ಮೇಷ್ಟ್ರು ಮಗಳಿಗೆ ಇಸ್ಪೀಟಿನಲ್ಲಿ ಮೋಸ ಮಾಡುವುದು ಹೇಗೆಂದು ಹೇಳಿಕೊಟ್ಟರು, ಅವಳು ಅವರಿಗೇ ಮೋಸ ಮಾಡಿ ಗೆದ್ದಳು. ನಾನು ಒಳ್ಳೆಯ ಅಡುಗೆ ಮಾಡಿದೆ. ಬೀದಿ ಸುಮ್ಮನಿತ್ತು. ನೋಡಿದಿರಾ, ಎಂದು ಒಂದೆರಡು ಸಲ ಹಂಗಿಸಿಯೂ ಬಿಟ್ಟೆ.

ಸೋಮವಾರ ಎಂಟೂವರೆಗೇ ಕಚೇರಿಗೆ ಹೋದೆ. ಮೆಟ್ಟಿಲ ಮೇಲೆ ತಣ್ಣೀರು ಎದುರಾದರು. ನನ್ನನ್ನು ಕಂಡು ನಿಂತಲ್ಲೇ ನಿಂತರು. ಅವರ ಕೈಯ ಫೈಲು ಸರಕ್ಕನೆ ಜಾರಿತು. ಅವರು ಅದನ್ನು ಎತ್ತಿಕೊಳ್ಳಲಿಲ್ಲ, ನಾನು ಎತ್ತಿ ಕೊಟ್ಟೆ.

"ನೀವು… ರಜೆ ಅಲ್ವಾ?"

"ಬುಧವಾರಕ್ಕೆ ಹಾಕ್ಕೊಂಡೆ ಸಾರ್. ಶುಕ್ರವಾರದ್ದು ಟೈಪ್ ಮಾಡೋದು ಉಳ್ದಿತ್ತಲ್ಲ."

ಅವರು ಫೈಲನ್ನು ತಲೆಕೆಳಗಾಗಿಯೇ ಹಿಡಿದುಕೊಂಡು, ತಿರುಗಿ ಮೆಟ್ಟಿಲು ಹತ್ತಿ ಹೋದರು. ನನ್ನ ಕರ್ತವ್ಯನಿಷ್ಠೆ ನೋಡಿ ಬೆರಗಾಗಿರಬೇಕು ಎಂದುಕೊಂಡೆ. ಆ ಗಳಿಗೆಯಲ್ಲೂ ಹಾಗೆ ಅಂದುಕೊಂಡವಳು ನಾನು.

ಡ್ರಾಯರು ತೆಗೆದೆ. ಕಾಗದಗಳ ನಡುವೆ ಮೂರು ಕಾರ್ಬನ್ ಇಟ್ಟು ಯಂತ್ರಕ್ಕೆ ಏರಿಸಿದೆ. ನೋಟ್‌ಬುಕ್ಕನ್ನು ಎಡಕ್ಕೆ ಒರಗಿಸಿ ಟೈಪು ಮಾಡತೊಡಗಿದೆ. ಮೊದಲ ಎರಡು ಪುಟ ಗಡಿ ಚೌಕಿಗಳ ವಿಷಯ, ಇಂಧನದ ವಿಷಯ. ಮೂರನೆಯ ಪುಟದಲ್ಲಿ ಬಂತು. ಈ ಕೆಳಗೆ ಹೆಸರಿಸಿದ ವ್ಯಕ್ತಿಗಳು ಶನಿವಾರ ಮಧ್ಯರಾತ್ರಿಯಿಂದ ದೇಶ ಬಿಡುವಂತಿಲ್ಲ, ಇವರ ಪಾಸ್‌ಪೋರ್ಟುಗಳನ್ನು ಮಂಗಳವಾರದೊಳಗೆ ವಶಪಡಿಸಿಕೊಳ್ಳತಕ್ಕದ್ದು. ಕೆಳಗೆ ಒಂದು, ಎರಡು, ಮೂರು ಎಂದು ಹೆಸರುಗಳು. ಹದಿನೈದರ ಹೊತ್ತಿಗೆ ನನಗೆ ಇವರೆಲ್ಲ ಮೇಷ್ಟ್ರ ಜೊತೆಯವರು ಎಂದು ಹೊಳೆಯಿತು. ಆದರೂ ಬೆರಳು ನಿಲ್ಲಲಿಲ್ಲ. ಹದಿನಾರು, ಹದಿನೇಳು, ಹದಿನೆಂಟು ಟೈಪಾದವು. ಹತ್ತೊಂಬತ್ತನೆಯದು ನನ್ನ ಗಂಡನ ಹೆಸರು.

ಹೆಸರು ಎರಡು ಸಲ ಇತ್ತು. ಒಂದರ ಪಕ್ಕ ಒಂದು. ಹೇಳಿದ್ದೆಲ್ಲ ಬರೆಯಬೇಕು ಎಂಬುದು ನಿಯಮ, ಎರಡು ಸಲ ಹೇಳಿದ್ದನ್ನು ನನ್ನ ಕೈ ಎರಡು ಸಲ ಬರೆದಿತ್ತು.

ನಾನು ಎದ್ದು ತಣ್ಣೀರಿನ ಕೋಣೆಗೆ ಹೋದೆ. ಬಾಗಿಲು ತಟ್ಟಲಿಲ್ಲ. ಅವರು ಕಿಟಕಿಯ ಕಡೆ ಮುಖ ಮಾಡಿ ನಿಂತಿದ್ದರು.

"ಸಾರ್, ನಮ್ಮ ಮೇಷ್ಟ್ರ ಹೆಸರು…"

ಅವರು ತಿರುಗಿದರು. ಅವರ ದನಿ ಏರಿದ್ದನ್ನು ನಾನು ಅವತ್ತೇ ಮೊದಲು ಕೇಳಿದ್ದು. "ಏನಮ್ಮಾ ನೀವು? ಬಾಗಿಲು ಹಾಕಿಸ್ದೆ. ನಿಮ್ಮ ಎದುರಿಗೇ ಹೇಳ್ದೆ. ಮೂವತ್ತು ವರ್ಷದ ಸರ್ವೀಸಲ್ಲಿ ಒಂದು ಹೆಸರನ್ನ ಎರಡು ಸಲ ಹೇಳಿದೋನಲ್ಲ ನಾನು. ನಿಮಗೋಸ್ಕರ ಹೇಳ್ದೆ. ಶನಿವಾರ ಮಧ್ಯಾಹ್ನ ನಿಮ್ಮ ವಿಮಾನ ಅಂತ ಗೊತ್ತಿತ್ತು ನನಗೆ, ಅದಕ್ಕೇ ಮಧ್ಯರಾತ್ರಿಯಿಂದ ಅಂತ ಹಾಕ್ಸಿದ್ದು. ಸೇನೆಯವರು ಶುಕ್ರವಾರದಿಂದಲೇ ಅಂತಿದ್ರು, ನಾನು ಕೂಗಾಡಿ ಒಂದು ದಿನ ಎಳೆದೆ. ಇನ್ನೇನು ಮಾಡ್ಬೇಕಿತ್ತು? ಚೀಟಿ ಬರೆದು ಕೊಡ್ಬೇಕಿತ್ತಾ? ನನ್ನ ಫೋನು, ನನ್ನ ಕಸದ ಬುಟ್ಟಿ, ಎಲ್ಲಾ ನೋಡ್ತಾರೆ. ಡಿಕ್ಟೇಶನ್ ಒಂದೇ ಇದ್ದಿದ್ದು."

"ನನಗೆ ಕೇಳಿಸ್ಲಿಲ್ಲ ಸಾರ್."

"ಬರ್ಕೊಂಡ್ರಲ್ಲ!"

"ಬರ್ಕೊಂಡೆ. ಕೇಳಿಸ್ಲಿಲ್ಲ."

ಅವರು ಕುರ್ಚಿಯಲ್ಲಿ ಕುಸಿದು ಕೂತರು. ನಾನು ಮಾಡಿದ್ದು ಅವರಿಗೆ ಅರ್ಥವಾಗುತ್ತಿಲ್ಲ ಎಂದು ಅವರ ಮುಖ ನೋಡಿದರೆ ತಿಳಿಯುತ್ತಿತ್ತು. ನನ್ನ ಟೈಪಿಂಗ್ ಶಾಲೆಯ ಮೇಡಂ ಬದುಕಿದ್ದರೆ ಅವರೊಬ್ಬರಿಗೆ ಅರ್ಥವಾಗುತ್ತಿತ್ತು. ಹೆಸರು ತೆಗೆಯಲು ಆಗುತ್ತದೆಯೇ ಎಂದು ಕೇಳಿದೆ. ಶನಿವಾರ ರಾತ್ರಿಯೇ ಫೋನಿನಲ್ಲಿ ಎಲ್ಲ ಕಡೆಗೆ ಹೋಗಿದೆ, ನೀವು ಟೈಪು ಮಾಡುವುದು ಫೈಲಿಗೆ ಮಾತ್ರ ಎಂದರು. ಹೆಂಡತಿ, ಮಕ್ಕಳಿಗೆ ತಡೆ ಇಲ್ಲ, ಅದೂ ಈ ವಾರ ಮಾತ್ರ ಎಂದರು. ಆಮೇಲೆ ಮತ್ತೆ ಹಳೆಯ ದನಿಗೆ ಇಳಿದು, "ಹನ್ನೆರಡರೊಳಗೆ ನನಗೆ ಬೇಕು" ಎಂದರು.

ಹೋಗಿ ಟೈಪು ಮಾಡಿದೆ. ಮನೆಗೆ ಬಾರದ ಆ ಇಬ್ಬರನ್ನು ಬಿಟ್ಟು ನಲವತ್ತೂ ಹೆಸರು. ಸರ್ಕಾರದ ಪ್ರತಿಯಲ್ಲಿ ಹತ್ತೊಂಬತ್ತನೆಯದು ಒಂದೇ ಸಲ ಇದೆ. ಒಂದು ಅಕ್ಷರವೂ ತಪ್ಪಿಲ್ಲ, ತಿದ್ದುವ ಬಿಳಿ ಬಣ್ಣದ ಶೀಶೆಯ ಮುಚ್ಚಳವನ್ನೂ ತೆಗೆಯಲಿಲ್ಲ. ಹರಿದು ಬಿಸಾಡಿ ಓಡಬಹುದಿತ್ತು ಎಂದು ಹೇಳುವವರು ಹೇಳಲಿ. ಓಡುವುದು ಎಲ್ಲಿಗೆ? ಓಡಬಹುದಾದ ದಿನ ನಾನು ಅವರನ್ನು ಟಿಕೆಟ್ಟು ಬದಲಾಯಿಸಲು ಸಾಲಿನಲ್ಲಿ ನಿಲ್ಲಿಸಿದ್ದೆ. ಆಮೇಲೆ ಎಂದೂ ಮಾಡದ ಒಂದು ಕೆಲಸ ಮಾಡಿದೆ. ನೋಟ್‌ಬುಕ್ಕನ್ನು ಊಟದ ಡಬ್ಬಿಯ ಚೀಲದಲ್ಲಿಟ್ಟು ಮನೆಗೆ ತಂದೆ.

ಮನೆಗೆ ಬಂದಾಗ ಆಗಲೇ ಇಬ್ಬರು ಬಂದು ಮೇಷ್ಟ್ರ ಪಾಸ್‌ಪೋರ್ಟು ತೆಗೆದುಕೊಂಡು ಹೋಗಿದ್ದರು. ಮಂಗಳವಾರದವರೆಗೂ ಕಾದಿರಲಿಲ್ಲ. ರಸೀದಿ ಕೊಟ್ಟಿದ್ದರು. ಮೇಷ್ಟ್ರು ಅದನ್ನು ಊಟದ ಮೇಜಿನ ಮೇಲೆ ಉಪ್ಪಿನ ಡಬ್ಬಿಯ ಕೆಳಗಿಟ್ಟು ಕೂತಿದ್ದರು. ಮಗಳನ್ನು ಪಕ್ಕದ ಮನೆಗೆ ಕಳಿಸಿದ್ದರು.

"ಶನಿವಾರ ಮಧ್ಯರಾತ್ರಿಯಿಂದ ಅಂತೆ" ಎಂದರು. "ನಮ್ಮ ವಿಮಾನ ಹೋದ ಮೇಲೂ ಹತ್ತು ಗಂಟೆ ಕಾಲ ಬಾಗಿಲು ತೆರೆದೇ ಇತ್ತು. ನಮ್ಮ ಗ್ರಹಚಾರ ನೋಡು."

ಅಲ್ಲೇ ಸುಮ್ಮನಿರಬಹುದಿತ್ತು. ಗ್ರಹಚಾರ ಎಂದು ಒಪ್ಪಿಕೊಂಡು ಜೊತೆಗೆ ಅಳಬಹುದಿತ್ತು, ಅವರಿಗೆ ಎಂದೂ ಗೊತ್ತಾಗುತ್ತಿರಲಿಲ್ಲ. ನನ್ನ ಗೆರೆಗಳನ್ನು ಓದುವವರು ಯಾರೂ ಇಲ್ಲವಲ್ಲ. ಆದರೆ ಅವರು ನನ್ನನ್ನು ಸಮಾಧಾನ ಮಾಡಲು ಕೈ ಚಾಚಿದರು. "ನೀನೇನೂ ಬೇಜಾರು ಮಾಡ್ಕೋಬೇಡ, ನಿನಗೇನು ಕನಸು ಬಿದ್ದಿತ್ತಾ?" ಎಂದರು. ಆ ಕೈಯನ್ನು ನನ್ನಿಂದ ಹಿಡಿಯಲಾಗಲಿಲ್ಲ. ಚೀಲದಿಂದ ನೋಟ್‌ಬುಕ್ ತೆಗೆದು ಮೇಜಿನ ಮೇಲಿಟ್ಟೆ. ಎಲ್ಲ ಹೇಳಿದೆ. ತಣ್ಣೀರು ಬಾಗಿಲು ಹಾಕಿಸಿದ್ದು, ದಿನ ಎಳೆದದ್ದು, ಗಟ್ಟಿಗಿತ್ತಿ ಎಂದದ್ದು.

ಮೇಷ್ಟ್ರು ಚಾಚಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡರು. ಆಮೇಲೆ, "ಓದು" ಎಂದರು.

"ಯಾಕ್ರೀ?"

"ಓದು ಅಂದೆ."

ಓದಿದೆ. ಒಂದರಿಂದ ಶುರು ಮಾಡಿ ಓದಿದೆ. ಅವರು ಒಂದೊಂದು ಹೆಸರಿಗೂ ತಲೆ ಆಡಿಸುತ್ತಿದ್ದರು, ತರಗತಿಯಲ್ಲಿ ಹಾಜರಿ ಕರೆಯುವಾಗ ಹುಡುಗರ ಮುಖ ನೋಡಿ ಆಡಿಸುವ ಹಾಗೆ. ಹತ್ತೊಂಬತ್ತಕ್ಕೆ ಬಂದು ಅವರ ಹೆಸರು ಓದಿದೆ. ಮತ್ತೆ ಅವರ ಹೆಸರು ಓದಿದೆ.

"ಎರಡು ಸಲ ಯಾಕೆ?"

"ಎರಡು ಸಲ ಹೇಳಿದ್ರು."

"ಎರಡು ಸಲ ಹೇಳಿದ್ರೂ ಕೇಳಿಸ್ಲಿಲ್ವಾ?"

"ಇಲ್ಲ."

"ನನ್ನ ಹೆಸರು."

"ಇಲ್ಲ ರೀ. ಆಣೆ ಮಾಡಿ ಹೇಳ್ತೀನಿ, ನನಗೆ…"

"ಆಣೆ ಬೇಡ. ನಂಬ್ತೀನಿ. ನಿನ್ನ ಬಡ್ತಿ ಕಥೆ ಊರಿಗೆಲ್ಲ ಹೇಳಿದೋನು ನಾನೇ ಅಲ್ವಾ." ಅವರು ನೋಟ್‌ಬುಕ್ಕನ್ನು ತಮ್ಮ ಕಡೆ ತಿರುಗಿಸಿಕೊಂಡರು. ಇಷ್ಟು ವರ್ಷದಲ್ಲಿ ಅವರು ನನ್ನ ಬರವಣಿಗೆಯನ್ನು ಹತ್ತಿರದಿಂದ ನೋಡಿದ್ದು ಅದೇ ಮೊದಲು. "ಯಾವುದು ನಾನು?"

ಬೆರಳಿಟ್ಟು ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ಬಾಗಿ ನೋಡಿದರು. ನಾನೂ ನೋಡಿದೆ. ಎಲ್ಲಾದರೂ ಒಂದು ಕಡೆ ಗೆರೆ ನಡುಗಿರಲಿ, ಪೆನ್ಸಿಲು ಸ್ವಲ್ಪ ಒತ್ತಿರಲಿ, ಒಂದು ಚುಕ್ಕೆ ಜಾಗ ತಪ್ಪಿರಲಿ ಎಂದು ಹುಡುಕಿದೆ. ಮೇಲಿನ ಹದಿನೆಂಟರಂತೆಯೇ ಇದ್ದವು ಎರಡೂ, ತೆಳ್ಳಗೆ, ಸಮವಾಗಿ. ಟೈಪಿಂಗ್ ಶಾಲೆಯಲ್ಲಿ ಮಾದರಿಗೆಂದು ಗೋಡೆಗೆ ಅಂಟಿಸಬಹುದು, ಅಷ್ಟು ಚೆಂದ.

"ಚೆನ್ನಾಗಿ ಬರ್ದಿದೀಯ" ಎಂದರು.

ಇಪ್ಪತ್ತು ವರ್ಷದ ಸಂಸಾರದಲ್ಲಿ ಅವರು ನನ್ನ ಮೇಲೆ ಕೈ ಎತ್ತಿದವರಲ್ಲ, ಕೆಟ್ಟ ಮಾತು ಆಡಿದವರಲ್ಲ. ಅವತ್ತೂ ಆಡಲಿಲ್ಲ. ನೀನು ಗೊತ್ತಿದ್ದೂ ಮುಚ್ಚಿಟ್ಟೆ ಎಂದು ಕೂಗಿದ್ದರೆ ನಾನೂ ಕೂಗಬಹುದಿತ್ತು, ಜಗಳವಾಡಿ, ಅತ್ತು, ಒಂದು ದಡಕ್ಕೆ ಬರಬಹುದಿತ್ತು. ನಂಬಿದವರ ಹತ್ತಿರ ಏನೆಂದು ಜಗಳವಾಡುವುದು?

ನೋಟ್‌ಬುಕ್ ಮುಚ್ಚಿ ನನ್ನ ಕಡೆ ತಳ್ಳಿದರು. "ಬುಧವಾರ ನೀವಿಬ್ರೂ ಹೊರಡಿ."

"ನಾನು ಹೋಗಲ್ಲ. ನಿಮ್ಮನ್ನ ಇಲ್ಲಿ ಬಿಟ್ಟು ಹೇಗೆ ಹೋಗ್ಲಿ?"

"ಅವಳಿಗೆ ಹನ್ನೆರಡು ವರ್ಷ. ಒಬ್ಬಳನ್ನೇ ಕಳಿಸ್ತೀಯಾ?"

"ಮೂವರೂ ಇಲ್ಲೇ ಇರೋಣ ರೀ. ಏನಾದ್ರೂ ಆಗ್ಲಿ, ಜೊತೆಗೇ ಆಗ್ಲಿ."

ಅವರು ನಕ್ಕರು. ಅದು ನಾನು ಬಲ್ಲ ನಗುವಲ್ಲ. "ಉಳೀಬೇಕು ಅಂತ ಆಸೆ ಇದ್ದಿದ್ದು ನಿನಗೆ. ಹೋಗಿ ಹೋಗಿ ನನ್ನ ಪಾಲಿಗೆ ಬಂತು. ಶುಕ್ರವಾರ ನೀನು ಹೇಳಿದ್ದು ನಾನು ಕೇಳ್ದೆ. ಈಗ ನಾನು ಹೇಳಿದ್ದು ನೀನು ಕೇಳು. ಈ ಸಲ ಸರಿಯಾಗಿ ಕೇಳಿಸ್ಕೋ. ಬುಧವಾರ, ಎರಡು ಗಂಟೆ, ನೀವಿಬ್ರೂ."

ಕೇಳಿಸಿಕೊಂಡೆ. ಒಂದೊಂದು ಪದವೂ ಕೇಳಿಸಿತು, ಒಂದೊಂದರ ಅರ್ಥವೂ ಆಯಿತು. ಅವರನ್ನು ಈ ಮನೆಯಲ್ಲಿ ಕಟ್ಟಿಹಾಕಿದವಳು ನಾನು, ಈಗ ಅವರ ಜೊತೆ ಉಳಿಯುತ್ತೇನೆ ಎಂದು ಹೇಳಿ ಒಳ್ಳೆಯವಳಾಗುವ ಅವಕಾಶವನ್ನೂ ಅವರು ಕೊಡಲಿಲ್ಲ. ನನ್ನ ಮೇಲೆ ಪ್ರೀತಿಯಿಂದ ಕಳಿಸಿದರೋ, ನನ್ನ ಮುಖ ನೋಡಲಾರದೆ ಕಳಿಸಿದರೋ, ಇವತ್ತಿಗೂ ನನಗೆ ಗೊತ್ತಿಲ್ಲ.

ಮಂಗಳವಾರ ಸಂಜೆ ಸೂಟ್‌ಕೇಸನ್ನು ಮತ್ತೆ ಮಂಚದ ಮೇಲೆ ಬಿಚ್ಚಿದೆ. ಅವರ ಬಟ್ಟೆಗಳು ಮೇಲೇ ಇದ್ದವು. ಒಂದೊಂದಾಗಿ ತೆಗೆದು ಬೀರುವಿನಲ್ಲಿ ಜೋಡಿಸತೊಡಗಿದೆ. ಅಂಗಿಗಳು, ಎರಡು ಪ್ಯಾಂಟು, ಪ್ರಯೋಗಾಲಯಕ್ಕೆಂದು ಹೊಸದಾಗಿ ಹೊಲಿಸಿದ್ದ ಬಿಳಿ ಕೋಟು. ಮೇಷ್ಟ್ರು ಬಾಗಿಲಿಗೆ ಒರಗಿ ನಿಂತಿದ್ದರು. ಮಗಳು ಅವರ ತೋಳಿಗೆ ಜೋತುಬಿದ್ದಿದ್ದಳು. ಅಪ್ಪನಿಗೆ ಕಾಲೇಜಿನ ಕೆಲಸ ಸ್ವಲ್ಪ ಉಳಿದಿದೆ ಎಂದು ಅವಳಿಗೆ ಹೇಳಿದ್ದೆವು.

"ಅಪ್ಪಂದು ಎಲ್ಲಾ ಯಾಕೆ ತೆಗೀತಿದೀಯಮ್ಮ? ಹೇಗೂ ಆಮೇಲೆ ಬರ್ತಾರಲ್ಲ, ನಾವೇ ತಗೊಂಡ್ಹೋಗೋಣ" ಎಂದಳು. ಆಮೇಲೆ ಅವರ ಕಡೆ ತಿರುಗಿ, "ಅಪ್ಪ, ನೀನು ಯಾವಾಗ ಬರೋದು?"

ಮೇಷ್ಟ್ರು ಅವಳ ತಲೆ ಸವರಿದರು. ಮಗಳ ಹತ್ತಿರ ಯಾವಾಗಲೂ ಆಡುವ ತಮಾಷೆಯ ದನಿಯಲ್ಲೇ ಹೇಳಿದರು.

"ಅಮ್ಮನ್ನ ಕೇಳು ಪುಟ್ಟಿ. ಅದೆಲ್ಲ ಅವಳಿಗೇ ಮೊದ್ಲು ಗೊತ್ತಾಗೋದು."

ಅವಳು ನನ್ನ ಕಡೆ ನೋಡಿದಳು. "ಯಾವಾಗಮ್ಮ?"